ಪರಿಚಯದವರಿಗೆ ಮಾತ್ರ

ನಮ್ಮ ಬೀದಿಯಲ್ಲಿ ಕ್ಯಾಮೆರಾ ಇಲ್ಲದ ಮನೆ ನಮ್ಮದೊಂದೇ ಎಂದಾದಾಗ, ಇನ್ನು ಕಳ್ಳರು ದಾರಿ ಕೇಳುವ ಕಷ್ಟವನ್ನೂ ಪಡಬೇಕಾಗಿಲ್ಲ ಎಂದು ಮನೆಮಂದಿಗೆಲ್ಲ ಅನಿಸಿತು. ಕ್ಯಾಮೆರಾ ಬೇಕು ಎನ್ನುವುದರಲ್ಲಿ ತಕರಾರು ಇರಲಿಲ್ಲ. ತಕರಾರು ಎದ್ದದ್ದು ಯಾವ ಕಳ್ಳನಿಗೆ ಎನ್ನುವಲ್ಲಿ.

ನನ್ನ ಕಳ್ಳ ಸ್ಕೂಟರಿನಿಂದ ಪೆಟ್ರೋಲ್ ಎಳೆಯುವವನು. ಹೆಂಡತಿಯ ಕಳ್ಳ ಏನನ್ನೂ ಕದ್ದವನಲ್ಲ. ಗೇಟಿನಾಚೆ ನಿಲ್ಲಿಸಿದ್ದ ಕಾರಿಗೆ ಹೆಡ್‌ಲೈಟಿನಿಂದ ಟೇಲ್‌ಲೈಟಿನ ತನಕ ಕೀಲಿಕೈಯಲ್ಲಿ ಗೆರೆ ಎಳೆದು ಹೋದ ಪುಣ್ಯಾತ್ಮ. ಮಗಳಿಗೆ ಕಾಂಪೌಂಡಿನೊಳಗೆ ಎಸೆದು ಹೋಗುವ ಪಾರ್ಸೆಲ್ಲುಗಳ ಚಿಂತೆ. ಅಮ್ಮನ ಪ್ರಕಾರ ಇವು ಯಾವುವೂ ಕಳ್ಳತನವೇ ಅಲ್ಲ. ಬೆಳಗಿನ ಐದೂವರೆಗೆ ಕೋಲಿಗೆ ಕೊಕ್ಕೆ ಕಟ್ಟಿಕೊಂಡು ಬಂದು, ನಮ್ಮ ದಾಸವಾಳದ ಕೊಂಬೆಯನ್ನು ರಸ್ತೆಗೆ ಬಗ್ಗಿಸಿ, ಮೊಗ್ಗನ್ನೂ ಬಿಡದೆ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಹೋಗುವ ವಾಕಿಂಗ್ ಮಂದಿಯೇ ನಿಜವಾದ ದರೋಡೆಕೋರರು. "ಪೆಟ್ರೋಲ್ ಹೋದ್ರೆ ಬಂಕಲ್ಲಿ ಸಿಗತ್ತೆ. ಹೂವಿಲ್ದೆ ದೇವರ ಮುಂದೆ ಏನಂತ ನಿಂತ್ಕೊಳ್ಳಲಿ?"

ಬೆಂಗಳೂರಿನಲ್ಲಿ ಇಂಥ ಸಾಮಾನಿಗೆಲ್ಲ ಎಸ್.ಪಿ. ರಸ್ತೆ. ಅಲ್ಲಿ ಯಾವ ಅಂಗಡಿಗೆ ಹೋದರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಮೆಗಾಪಿಕ್ಸೆಲ್? ಎರಡು ಎಂದರೆ ಅಂಗಡಿಯವನ ಮುಖ ಬಾಡುತ್ತದೆ, ಐದು ಎಂದರೆ ಅರಳುತ್ತದೆ, ಎಂಟು ಎಂದರೆ ಟೀ ಬರುತ್ತದೆ. ನಾವು ಎರಡಕ್ಕೇ ನಿಂತೆವು. ಟೀ ಬರಲಿಲ್ಲ.

ಅಸಲಿ ಪ್ರಶ್ನೆ ಕೇಳಿದವನು ಫಿಟ್ಟಿಂಗಿಗೆ ಬಂದ ಹುಡುಗ. ಏಣಿಯನ್ನು ಸಜ್ಜಾಕ್ಕೆ ಒರಗಿಸಿ, "ಸಾರ್, ಎಲ್ಲಾನೂ ನೋಡ್ಬೇಕಾ, ಒಂದನ್ನ ಸರಿಯಾಗಿ ನೋಡ್ಬೇಕಾ?" ಎಂದ. ಉಪನಿಷತ್ತಿನಲ್ಲಿ ಕೇಳಬೇಕಾದ ಮಾತನ್ನು ಡ್ರಿಲ್ಲಿಂಗ್ ಮೆಷಿನ್ ಹಿಡಿದವನು ಕೇಳಿದರೆ ಯಾರು ತಾನೇ ಥಟ್ಟನೆ ಉತ್ತರ ಕೊಟ್ಟಾರು? ಅವನೇ ಬಿಡಿಸಿ ಹೇಳಿದ. 2.8 ಎಂ.ಎಂ. ಲೆನ್ಸಿಗೆ ಇಡೀ ಬೀದಿ ಕಾಣುತ್ತದೆ, ಆದರೆ ಮನುಷ್ಯರು ಚಿಕ್ಕದಾಗುತ್ತಾರೆ. 6 ಎಂ.ಎಂ. ಆದರೆ ಮನುಷ್ಯ ಮೂಗು ಮೀಸೆ ಸಮೇತ ಕಾಣುತ್ತಾನೆ, ಆದರೆ ಪಕ್ಕದಲ್ಲಿ ಆನೆ ಹಾದು ಹೋದರೂ ಗೊತ್ತಾಗುವುದಿಲ್ಲ.

ಇದರ ಲೆಕ್ಕ ನನಗೆ ಬಹಳ ಹಿಡಿಸಿತು. ಎರಡು ಮೆಗಾಪಿಕ್ಸೆಲ್ ಚಿತ್ರವೆಂದರೆ ಅಡ್ಡಕ್ಕೆ 1,920 ಚುಕ್ಕಿ. ಅಪರಿಚಿತನೊಬ್ಬನನ್ನು 'ಇವನೇ' ಎಂದು ಖಾತ್ರಿಯಾಗಿ ಹೇಳಲು ಅವನು ನಿಂತ ಜಾಗದಲ್ಲಿ ಮೀಟರಿಗೆ 250 ಚುಕ್ಕಿ ಬೇಕು. ಮೊದಲೇ ಗೊತ್ತಿರುವವರಾದರೆ 125 ಸಾಕು. ಇದು ಈ ಕಸುಬಿನವರು ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಅಳತೆ. ಇನ್ನು 2.8ರ ಲೆನ್ಸು ಇಪ್ಪತ್ತು ಅಡಿ ದೂರದಲ್ಲಿ ಹೆಚ್ಚುಕಮ್ಮಿ ಹದಿನಾಲ್ಕು ಮೀಟರ್ ಅಗಲವನ್ನು ನೋಡುತ್ತದೆ. ಭಾಗಿಸಿ ನೋಡಿ, ಮೀಟರಿಗೆ 137 ಚುಕ್ಕಿ. ಅಂದರೆ ನಮ್ಮ ಗೇಟಿನ ಮುಂದೆ ನಿಂತವರು ನೆಂಟರೋ ನೆರೆಯವರೋ ಆಗಿದ್ದರೆ ಕೂಡಲೇ ಸಿಕ್ಕಿಬೀಳುತ್ತಾರೆ. ಕಸುಬಿನ ಕಳ್ಳ, ಊರು ಕೇರಿ ಗೊತ್ತಿಲ್ಲದವನು, ಆರಾಮಾಗಿ ಹೋಗಬಹುದು. ಇಡೀ ನಾಡಿನ ಮನೆಮನೆಯ ಸಜ್ಜಾದ ಕೆಳಗೆ ನೇತಾಡುತ್ತಿರುವುದು ಬಹುಪಾಲು ಇದೇ ಅಗಲದ ಲೆನ್ಸು ಎನ್ನುವುದನ್ನು ನೆನೆದರೆ, ನಾವೆಲ್ಲ ಯಾರ ಮೇಲೆ ಕಣ್ಣಿಟ್ಟಿದ್ದೇವೆ ಎಂದು ಒಂದು ಗಳಿಗೆ ಯೋಚನೆಯಾಗುತ್ತದೆ.

ಮನೆಗೆ ಕ್ಯಾಮೆರಾ ಇಡುವ ಈ ಏರ್ಪಾಡನ್ನು ಮೊದಲು ಯೋಚಿಸಿದವರು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರಬೇಕು, ಪೊಲೀಸರನ್ನು ಕರೆದರೆ ಬೇಗ ಬರುವುದಿಲ್ಲ. ಬಾಗಿಲಿಗೆ ಮೇಲಿಂದ ಕೆಳಕ್ಕೆ ನಾಲ್ಕು ತೂತು, ಅವುಗಳ ಹಿಂದೆ ಏರಿಳಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಟಿವಿ. ಗಂಡನ ಜೊತೆ ಸೇರಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರಲ್ಲಿ ಸಿಕ್ಕಿತು. ಆ ತಾಯಿಗೆ ತನ್ನ ಕಳ್ಳ ಯಾರು ಎಂಬ ಗೊಂದಲವಿರಲಿಲ್ಲ: ಬಾಗಿಲು ಬಡಿದವನು. ಹತ್ತಿರದಲ್ಲೇ ನಿಂತಿರುತ್ತಾನೆ, ಚುಕ್ಕಿ ಧಾರಾಳ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಊರೂರಲ್ಲಿ 'ನಾಳೆ ಬಾ' ಎಂದು ಬರೆದರಲ್ಲ, ಅದಕ್ಕೆ ಒಂದು ಸೀಮೆಸುಣ್ಣ ಸಾಕಾಗಿತ್ತು, ಹಾರ್ಡ್ ಡಿಸ್ಕ್ ಬೇಕಿರಲಿಲ್ಲ.

ಹಾರ್ಡ್ ಡಿಸ್ಕಿನದು ಇನ್ನೊಂದು ಕಥೆ. ನಮ್ಮದು ಒಂದು ಟಿಬಿ. ನಾಲ್ಕು ಕ್ಯಾಮೆರಾ ಹಗಲೂ ರಾತ್ರಿ ತುಂಬುತ್ತಿದ್ದರೆ ಹತ್ತು ಹನ್ನೊಂದು ದಿನಕ್ಕೆ ಭರ್ತಿ. ಆಮೇಲೆ ಹಳೆಯದನ್ನು ತಾನೇ ಅಳಿಸಿಕೊಂಡು ಹೊಸದಾಗಿ ಶುರು. ಜನ ಸೇರುವ ಅಂಗಡಿ ಮಾಲ್‌ಗಳವರು ಮೂವತ್ತು ದಿನದ ಫುಟೇಜ್ ಇಟ್ಟುಕೊಂಡಿರಬೇಕೆಂದು 2017ರ ನಮ್ಮ ರಾಜ್ಯದ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ಹೇಳುತ್ತದೆ. ನಮ್ಮ ಮನೆಯಲ್ಲಿ ಜನ ಸೇರುವುದು ಗೌರಿ ಗಣೇಶಕ್ಕೆ ಮಾತ್ರ.

ಹೆಂಡತಿಯ ಹಟಕ್ಕೆ ಕಾರಿನ ಕಡೆಗೊಂದು 6 ಎಂ.ಎಂ. ಹಾಕಿಸಿದ್ದಾಯಿತು. ಹಗಲಲ್ಲಿ ಬೀದಿಯಲ್ಲಿ ಹೋಗುವ ಗಾಡಿಯ ನಂಬರನ್ನು ಓದಬಹುದು. ರಾತ್ರಿಯಾಗುತ್ತಲೇ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹತ್ತುತ್ತದೆ. ಸರ್ಕಾರ ಕಡ್ಡಾಯ ಮಾಡಿದ ಎಚ್‌ಎಸ್‌ಆರ್‌ಪಿ ಪ್ಲೇಟು ಬೆಳಕು ಬಿದ್ದರೆ ಹೊಳೆಯಲೆಂದೇ ಮಾಡಿದ್ದು. ಇವೆರಡೂ ಎದುರುಬದುರಾದರೆ ಅಂಕಿ ಇರಬೇಕಾದ ಜಾಗದಲ್ಲಿ ಹುಣ್ಣಿಮೆ ಚಂದ್ರ. ಆ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಲೆನ್ಸಿಗೆ ಅಡ್ಡಲಾಗಿ ಬಲೆ ಕಟ್ಟಿ ನಡುರಾತ್ರಿ ಓಡಾಡುತ್ತದೆ, ಒಂದೊಂದು ಹೆಜ್ಜೆಗೂ ನನ್ನ ಮೊಬೈಲು 'ಚಲನೆ ಪತ್ತೆಯಾಗಿದೆ' ಎಂದು ಕೂಗುತ್ತದೆ. ಕಸಬರಿಗೆ ಹಿಡಿದು ಎರಡು ಗಂಟೆಗೆ ಹೊರಗೆ ಹೋದ ನಾನು ಎದುರುಮನೆಯವರ ಕ್ಯಾಮೆರಾದಲ್ಲಿ ಚೆನ್ನಾಗಿ ಮೂಡಿದ್ದೇನಂತೆ.

ಎದುರುಮನೆಯವರು ನಿವೃತ್ತ ಮೇಷ್ಟ್ರು. ನಮ್ಮ ಕ್ಯಾಮೆರಾ ಹತ್ತಿದ ಸಂಜೆಯೇ ಬಂದರು. "ನೀವು ನಿಮ್ಮ ಗೇಟು ನೋಡಿಕೊಳ್ಳಿ, ಬೇಡ ಅನ್ನಲ್ಲ. ನಮ್ಮ ಜಗಲಿ ಯಾಕೆ?" ಎಂದರು. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಹೇಳಿದ್ದನ್ನು ಕಾಫಿ ಆರುವ ತನಕ ವಿವರಿಸಿದರು. ತಮ್ಮ ಕ್ಯಾಮೆರಾ ನಮ್ಮ ಕಡೆ ತಿರುಗಿರುವುದು ಈ ತೀರ್ಪಿನ ವ್ಯಾಪ್ತಿಗೆ ಬರುವಂತೆ ಕಾಣಲಿಲ್ಲ. ಇರಲಿ, ಹುಡುಗನನ್ನು ಕರೆಸಿ ಅವರ ಮನೆಯ ಮೇಲೆ ಪ್ರೈವಸಿ ಮಾಸ್ಕ್ ಎಂಬ ಕಪ್ಪು ಚೌಕ ಕೂರಿಸಿದೆವು. ಕೆಲವು ದಿನ ಬಿಟ್ಟು ಅವರ ಜಗಲಿಯಿಂದ ಹೊಸ ಚಪ್ಪಲಿ ಮಾಯವಾಯಿತು. ಅವರ ಕ್ಯಾಮೆರಾ ನಮ್ಮ ಮನೆಯನ್ನು ನೋಡುವುದರಲ್ಲಿ ಮಗ್ನವಾಗಿತ್ತು. ಮೇಷ್ಟ್ರು ಬಂದು ನಮ್ಮ ಟಿವಿ ಮುಂದೆ ಕೂತು ಆ ಕಪ್ಪು ಚೌಕವನ್ನೇ ಬಹಳ ಹೊತ್ತು ನೋಡಿದರು. "ಇದರ ಹಿಂದೆ ಇರತ್ತಲ್ಲ, ತೆಗೆಯೋಕಾಗಲ್ವೇ?" ಆಗುವುದಿಲ್ಲ. ಮುಚ್ಚಿದ ಜಾಗ ರೆಕಾರ್ಡೇ ಆಗಿರುವುದಿಲ್ಲ.

ದಾಸವಾಳದ ಕಡೆಗಿಟ್ಟ ಅಮ್ಮನ ಕ್ಯಾಮೆರಾ ಮಾತ್ರ ಕೊಟ್ಟ ಮಾತಿಗೆ ತಪ್ಪಲಿಲ್ಲ. ಒಂದು ಮುಂಜಾನೆ ಐದೂವರೆಗೆ ಸರಿಯಾಗಿ ಕೊಕ್ಕೆಕೋಲು ಕಾಣಿಸಿತು, ಹಿಂದೆಯೇ ಸ್ವೆಟರು, ಮಂಕಿ ಕ್ಯಾಪು. ಹೂ ಕಿತ್ತು ಮುಗಿಸಿದ ಮೇಲೆ ಆ ವ್ಯಕ್ತಿ ತಲೆಯೆತ್ತಿ, ಬೀದಿದೀಪದ ಬೆಳಕಿನಲ್ಲಿ ಇನ್ನೇನಾದರೂ ಉಳಿದಿದೆಯೋ ಎಂದು ನಿಧಾನವಾಗಿ ನೋಡಿತು. ಮಗಳು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದಳು. ಅಮ್ಮ ಕನ್ನಡಕ ಏರಿಸಿಕೊಂಡು ಹತ್ತಿರ ಹೋದಳು. 137 ಚುಕ್ಕಿ ಬೇಕಾದಷ್ಟಾಯಿತು.

"ಅಯ್ಯೋ, ಇವರು ನಮ್ಮ ಸಹಸ್ರನಾಮದ ಗುಂಪಿನವರು ಕಣೋ."

"ಸರಿ, ಶುಕ್ರವಾರ ಹೋದಾಗ ಕೇಳಿಬಿಡು" ಎಂದೆ.

"ಏನಂತ ಕೇಳಲಿ? ಹೋದ ವಾರ ನನಗೂ ಅವರೇ ಪ್ರಸಾದದ ಹೂ ಕೊಟ್ಟಿದ್ದಾರೆ. ನಾನೂ ಕಣ್ಣಿಗೆ ಒತ್ತಿಕೊಂಡು ಮುಡ್ಕೊಂಡು ಬಂದಿದೀನಿ."

ನಾವೆಲ್ಲ ಸುಮ್ಮನಾದೆವು. ಹೆಂಡತಿ, "ಅತ್ತೆ, ಫೋಟೋ ತೆಗೆದು ಗ್ರೂಪಿಗೆ ಹಾಕೋಣ್ವಾ?" ಎಂದು ಕೇಳಿ, ಅಮ್ಮನ ಮುಖ ನೋಡಿ ಒಗ್ಗರಣೆ ಹಾಕಲು ಒಳಗೆ ಹೋದಳು.

ಮಾರನೆಯ ದಿನ ಹುಡುಗ ಮತ್ತೆ ಏಣಿ ತಂದ. ಅಮ್ಮ ಕೆಳಗೆ ನಿಂತು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ತಿರುಗಿಸಿದಳು.

"ಅಜ್ಜಿ, ಇನ್ನೂ ತಿರುಗಿಸಿದ್ರೆ ಬರೀ ಟ್ರಾನ್ಸ್‌ಫಾರ್ಮರ್ ಕಾಣತ್ತೆ."

"ಅದೇ ಕಾಣಲಿ ಬಿಡಪ್ಪ. ಅದನ್ನೂ ಯಾರಾದ್ರೂ ಹೊತ್ಕೊಂಡು ಹೋದಾರು" ಎಂದು ಅಮ್ಮ ಅವನಿಗೆ ಕಾಫಿ ತರಲು ಹೋದಳು.