ಅಷ್ಟೇ ಹೇಳ್ತೀನಿ

ಓದು ಅಂತ ಪುಸ್ತಕ ಕೊಡುವವರಲ್ಲಿ ಹಲವು ಬಗೆ. ಕೊಟ್ಟು ಮರೆತುಬಿಡುವವರು ದೇವರಂಥವರು. ‘ಎಲ್ಲಿಗೆ ಬಂತು?’ ಎಂದು ವಾರವಾರ ವಿಚಾರಿಸುವವರನ್ನೂ ಹೇಗೋ ಸಹಿಸಬಹುದು. ಪತ್ತೇದಾರಿ ಕಾದಂಬರಿ ಕೈಗಿಟ್ಟು, ಬಾಗಿಲ ತನಕ ಬಂದು, ‘ಆ ಪಾದ್ರಿ ಮೇಲೆ ಒಂದು ಕಣ್ಣಿಟ್ಟಿರು, ಅಷ್ಟೇ ಹೇಳ್ತೀನಿ’ ಎನ್ನುವ ಜಾತಿ ಇದೆಯಲ್ಲ, ಅದಕ್ಕೆ ಮದ್ದಿಲ್ಲ. ಆ ಜಾತಿಯ ಒಬ್ಬರಿಗೆ ನಮ್ಮ ಅಕ್ಕನನ್ನು ಕೊಟ್ಟಿದೆ.

ಭಾವ ಇರುವುದು ಲೀಡ್ಸ್‌ನಲ್ಲಿ, ನಾನು ಮ್ಯಾಂಚೆಸ್ಟರಿನಲ್ಲಿ. ನಡುವೆ ಪೆನ್ನೈನ್ ಬೆಟ್ಟಸಾಲು ಅಡ್ಡ ಇದೆ. ಸಾಲದು.

ಹಾಗಂತ ಕೊಲೆಗಾರನ ಹೆಸರನ್ನು ಅವರು ಎಂದೂ ಬಾಯಿಬಿಟ್ಟವರಲ್ಲ. ಲಂಡನ್ನಿನಲ್ಲಿ 1952ರಲ್ಲಿ ಶುರುವಾಗಿ ಇನ್ನೂ ಆಡುತ್ತಿರುವ ‘ಮೌಸ್‌ಟ್ರ್ಯಾಪ್’ ನಾಟಕದ ಕೊನೆಗೆ, ಗುಟ್ಟು ಬಿಟ್ಟುಕೊಡಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ಭಾವನಿಗೆ ಅದು ವೇದವಾಕ್ಯ. ಅವರದು ಸುಳಿವು ಮಾತ್ರ. ಡೊರೊಥಿ ಸೇಯರ್ಸ್ ಬರೆದ ‘ದ ನೈನ್ ಟೇಲರ್ಸ್’ ಕೊಡುವಾಗ, ‘ಚರ್ಚಿನ ಗಂಟೆ ವಿಷಯ ಅಷ್ಟುದ್ದ ಬರೆದಿದ್ದಾಳಲ್ಲ, ಸುಮ್ಮನೆ ಬರೆದಿಲ್ಲ ಕಣಯ್ಯಾ’ ಎಂದರು. ಅಗಾಥಾ ಕ್ರಿಸ್ಟಿಯ ‘ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕೊಟ್ಟಾಗ, ‘ಯಾರನ್ನೂ ನಂಬಬೇಡ. ಯಾರನ್ನೂ ಅಂದ್ರೆ... ಯಾರನ್ನೂ’ ಎಂದು ಹುಬ್ಬು ಕುಣಿಸಿದರು. ಅರ್ಧ ಓದುವಷ್ಟರಲ್ಲಿ ಆ ಹುಬ್ಬಿನ ಅರ್ಥ ಹೊಳೆದುಬಿಟ್ಟಿತು. 1926ರಿಂದ ಎಷ್ಟೋ ಜನ ಬೆಚ್ಚಿಬಿದ್ದ ಪುಟದಲ್ಲಿ ನಾನು ಆಕಳಿಸಿದೆ.

ಇನ್ನು ಅವರ ಮಡಿ. ಸರಣಿಯನ್ನು ಕ್ರಮ ತಪ್ಪಿ ಓದುವುದು ಅವರ ಲೆಕ್ಕದಲ್ಲಿ ಪಾಯಸ ಉಂಡು ಕೋಸಂಬರಿ ಕೇಳಿದಂತೆ. ಹಳೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಇಯಾನ್ ರಾಂಕಿನ್‌ರ ‘ಎಕ್ಸಿಟ್ ಮ್ಯೂಸಿಕ್’ ನನ್ನ ಕೈಯಲ್ಲಿದ್ದುದನ್ನು ಕಂಡು ಕಿತ್ತುಕೊಂಡರು. ‘ರೀಬಸ್‌ನ 17ನೇ ಪುಸ್ತಕಾನ ಯಾರಾದ್ರೂ ಮೊದಲು ಓದ್ತಾರಾ? ಅವನು ರಿಟೈರ್ ಆಗೋದು ಮೊದಲೇ ಗೊತ್ತಾಗಿಬಿಡತ್ತೆ!’ ಗೊತ್ತಾಯಿತು. ಈಗ 1987ರ ‘ನಾಟ್ಸ್ ಅಂಡ್ ಕ್ರಾಸಸ್’ನಿಂದ ಆರಂಭಿಸಿ, ಮುಂದೆ ಪಿಂಚಣಿ ಪಡೆಯಲಿರುವ ಆ ಎಡಿನ್‌ಬರೋ ಪೊಲೀಸನ ಯೌವನವನ್ನು ಓದುತ್ತಿದ್ದೇನೆ.

ಜುಲೈ ಬಂತೆಂದರೆ ಹ್ಯಾರೊಗೇಟಿನ ಪತ್ತೇದಾರಿ ಸಾಹಿತ್ಯೋತ್ಸವಕ್ಕೆ ಹೋಗಿ ಚೀಲ ತುಂಬಿಕೊಂಡು ಬರುತ್ತಾರೆ. ನನ್ನ ಅತ್ತೆಯವರಿಗೆ ರಿಚರ್ಡ್ ಓಸ್ಮನ್, ರಕ್ತ ಕಂಡರೆ ಹೆದರದ ಅಳಿಯನಿಗೆ ವಾಲ್ ಮ್ಯಾಕ್‌ಡರ್ಮಿಡ್, ಹೀಗೆ ಆಳು ನೋಡಿ ಪುಸ್ತಕ. ಆಯ್ಕೆ ತಪ್ಪಿದ್ದಿಲ್ಲ, ಅದೇ ಹೊಟ್ಟೆ ಉರಿಸುವುದು.

ನಾನೂ ಒಂದು ಉಪಾಯ ಹೂಡಿದೆ. ರೂತ್ ರೆಂಡೆಲ್ ತಮ್ಮ 1977ರ ‘ಎ ಜಡ್ಜ್‌ಮೆಂಟ್ ಇನ್ ಸ್ಟೋನ್’ನಲ್ಲಿ ಕೊಂದವರಾರು, ಸತ್ತವರಾರು, ಕಾರಣವೇನು ಎಲ್ಲವನ್ನೂ ಮೊದಲ ವಾಕ್ಯದಲ್ಲೇ ಹೇಳಿ ಮುಗಿಸಿದ್ದಾರೆ. ಇದನ್ನು ಹೇಗೆ ಕೆಡಿಸುತ್ತಾರೋ ನೋಡೋಣ ಎಂದು ನಾನೇ ಕೇಳಿ ತೆಗೆದುಕೊಂಡೆ. ಭಾವ ಸ್ವಲ್ಪ ಹೊತ್ತು ಪೆಚ್ಚಾಗಿ ನಿಂತರು. ಕಾರಿನ ಬಾಗಿಲು ಹಾಕುವಾಗ ಮುಖ ಅರಳಿತು: ‘ಆ ಮನೇಲಿ ಒಂದು ಟೇಪ್ ರೆಕಾರ್ಡರ್ ಇದೆ, ನೋಡ್ಕೊ.’

ಒಮ್ಮೆ ಮಾತ್ರ ಏನೂ ಹೇಳಲಿಲ್ಲ. ಡಬ್ಲಿನ್‌ನ ಪತ್ತೇದಾರರ ಕಥೆ ಅದು, ಟಾನಾ ಫ್ರೆಂಚ್‌ರ ‘ಇನ್ ದ ವುಡ್ಸ್’. ಮೂವರು ಮಕ್ಕಳು ಕಾಡಿಗೆ ಹೋಗುತ್ತಾರೆ, ಒಬ್ಬ ಮಾತ್ರ ಸಿಗುತ್ತಾನೆ. ಮುಂದೆ ಅವನೇ ಪತ್ತೇದಾರನಾಗಿ ಅದೇ ಕಾಡಿನ ಬಳಿ ಇನ್ನೊಂದು ಕೊಲೆಯ ಬೆನ್ನು ಹತ್ತುತ್ತಾನೆ. ‘ಏನೂ ಹೇಳೋದಿಲ್ವಾ ಭಾವ?’ ಎಂದೆ. ‘ಓದು’ ಎಂದರು. ಅಕ್ಕನಿಗೆ ಗುಟ್ಟಾಗಿ ಫೋನ್ ಮಾಡಿ ಭಾವನ ಆರೋಗ್ಯ ವಿಚಾರಿಸಿದೆ. ಪುಸ್ತಕ ಮುಗಿಯಿತು. ಹೊಸ ಕೊಲೆಯ ಗಂಟು ಬಿಚ್ಚಿತು, ಹಳೆಯ ಮಕ್ಕಳು ಏನಾದರೆಂದು ಲೇಖಕಿ ಹೇಳಲೇ ಇಲ್ಲ! (ಓದದವರು ಕ್ಷಮಿಸಬೇಕು. ಸಹವಾಸದೋಷ.) ನಡುರಾತ್ರಿಯಲ್ಲೇ ಭಾವನಿಗೆ ಫೋನ್ ಮಾಡಿ ಕೂಗಾಡಿದೆ. ‘ಅದಕ್ಕೇ ಏನೂ ಹೇಳಲಿಲ್ಲ. ನನಗೂ ಗೊತ್ತಿಲ್ಲ ಕಣಯ್ಯಾ’ ಎಂದರು. ಆಮೇಲೆ ಮೆಲ್ಲಗೆ, ‘ನಿನಗೇನನ್ಸತ್ತೆ?’ ಬೈಯಲು ಫೋನ್ ಮಾಡಿದವನು ವಾದಕ್ಕೆ ಬಿದ್ದೆ. ಬೆಳಕು ಹರಿಯುವವರೆಗೂ ಇಬ್ಬರೂ ಆ ಕಾಡಿನಲ್ಲೇ ಇದ್ದೆವು.

ಅವತ್ತೇ ಅವರು ತಿಪಟೂರಿನ ಬಾಡಿಗೆ ಪುಸ್ತಕದಂಗಡಿಯ ವಿಷಯ ತೆಗೆದದ್ದು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಕೈಯಿಂದ ಕೈಗೆ ಹೋಗಿ, ಎಷ್ಟೋ ಪ್ರತಿಗಳಲ್ಲಿ ಕಡೆಯ ಹಾಳೆಗಳೇ ಇರುತ್ತಿರಲಿಲ್ಲವಂತೆ. ಕೊಲೆಗಾರ ಯಾರೆಂದು ತಿಳಿಯಲು ಮೊದಲು ಓದಿದವರ ಮನೆ ಹುಡುಕಿಕೊಂಡು ಹೋಗಬೇಕು. ಹೋದರೆ ಒಂದು ಲೋಟ ಕಾಫಿ, ಒಂದು ಗಂಟೆ ಹರಟೆ. ಲೀಡ್ಸ್‌ನಲ್ಲಿ ಪುಸ್ತಕಗಳ ಹಾಳೆ ಎಲ್ಲ ಸರಿಯಾಗಿವೆ. ಪಕ್ಕದ ಮನೆಯವರು ಮಳೆಯ ವಿಷಯ ಮಾತಾಡಿ ಒಳಗೆ ಹೋಗುತ್ತಾರೆ. ಅಕ್ಕ ಕಥೆ ಪುಸ್ತಕ ಮುಟ್ಟುವವಳಲ್ಲ.

ಮೊನ್ನೆ ಅಂಚೆಯಲ್ಲಿ ಇನ್ನೊಂದು ಬಂತು, ಒಳಗೆ ಮಡಚಿದ ಚೀಟಿಯ ಸಮೇತ. ಪುಸ್ತಕದ ಹೆಸರು ಹೇಳಲಾರೆ. ಭಾವನ ಮೇಲೆ ಎಷ್ಟೇ ಕನಿಕರ ಇರಲಿ, ಚೀಟಿ ಬಿಚ್ಚಬಾರದೆಂದು ಗಟ್ಟಿ ಮನಸ್ಸು ಮಾಡಿ, ಒಲೆಯ ಮುಂದಿದ್ದ ಹೆಂಡತಿಯ ಕೈಗೆ ಕೊಟ್ಟು, ‘ಹರಿದು ಹಾಕು’ ಎಂದೆ.

ಅವಳು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದಳು: ‘ಡಾಕ್ಟರು ಟೀ ಕಪ್ಪು ಯಾವ ಕೈಯಲ್ಲಿ ಹಿಡೀತಾನೆ ನೋಡು, ಅಷ್ಟೇ ಹೇಳ್ತೀನಿ.’ ಆಮೇಲೆ ನನ್ನ ಕಡೆ ತಿರುಗಿ, ‘ಯಾಕಂತೆ ರೀ?’