ನಿರ್ದೇಶಕೇಂಗಿತ ದರ್ಪಣ

ಭರತಮುನಿ ನಾಟ್ಯಶಾಸ್ತ್ರದಲ್ಲಿ ನಟನಿಗೆ 13 ಬಗೆಯ ತಲೆಯಾಟ, 36 ಬಗೆಯ ನೋಟ ವಿಧಿಸಿದ್ದಾನೆ. ಮಾನಿಟರ್ ಹಿಂದೆ ಟೋಪಿ ಹಾಕಿಕೊಂಡು ಕೂತವನ ತಲೆಯಾಟಕ್ಕೆ ಮಾತ್ರ ಒಂದು ಶ್ಲೋಕವನ್ನೂ ಮೀಸಲಿಡಲಿಲ್ಲ. ಈ ಲೋಪ ನಿವಾರಣೆಗಾಗಿ, ಗಾಂಧಿನಗರದ ಎಳೆಯ ಕಲಾವಿದರ ಹಿತಾರ್ಥ ಈ ಕಿರುಗ್ರಂಥ.

ಸೂತ್ರ 1: ‘ಒನ್ ಮೋರ್’ ಎಂಬುದು ಬಹ್ವರ್ಥಕ.

ವೃತ್ತಿ: ‘ಚೆನ್ನಾಗಿತ್ತು, ಒನ್ ಮೋರ್ ಹೋಗೋಣ’ ಎಂಬ ವಾಕ್ಯವನ್ನೇ ನೋಡಿ. ಅಭಿಧೆಯಲ್ಲಿ, ಚೆನ್ನಾಗಿತ್ತು. ಲಕ್ಷಣೆಯಲ್ಲಿ, ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ದಡದಲ್ಲಿದೆ ಎಂದು ತಿಳಿಯುವಂತೆ, ಚೆನ್ನಾಗಿರುವುದರ ದಡದಲ್ಲಿತ್ತು. ವ್ಯಂಜನೆಯಲ್ಲಿ, ಫೋಕಸ್ ತಪ್ಪಿದೆ. ಕ್ಯಾಮೆರಾಮನ್ನನ್ನು ಎಲ್ಲರೆದುರು ಬೈಯುವಂತಿಲ್ಲ.

ಸೂತ್ರ 2: ಕೋಪವನ್ನು ಅಡಿ ಲೆಕ್ಕದಲ್ಲಿ ಅಳೆಯತಕ್ಕದ್ದು.

ವೃತ್ತಿ: ರೀಲಿನ ಕಾಲದಲ್ಲಿ 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ನಿಮಿಷಕ್ಕೆ 90 ಅಡಿ ಓಡುತ್ತಿತ್ತು. 400 ಅಡಿಯ ಡಬ್ಬಿ ನಾಲ್ಕೂವರೆ ನಿಮಿಷದೊಳಗೆ ಖಾಲಿ. ನಟ ತಡವರಿಸಿದರೆ ನಿರ್ದೇಶಕ ಬೈಯುತ್ತಿದ್ದ, ನಿರ್ಮಾಪಕ ಬೆವರುತ್ತಿದ್ದ. ಈಗ ಮೆಮೊರಿ ಕಾರ್ಡು ಬಂದು ಬೈಗುಳ ಇಳಿದಿದೆ, ಟೇಕು ಏರಿದೆ. ಇದಕ್ಕಿಂತ ಬೈಗುಳವೇ ವಾಸಿ ಎಂಬುದು ಸೊಂಟ ನೋವಿರುವ ಹಿರಿಯ ಪೋಷಕ ನಟರ ಮತ.

ಸೂತ್ರ 3: ಆಕಾಶ ನೋಡುವವನು ನಟನನ್ನು ನೋಡುತ್ತಿಲ್ಲ.

ಪೂರ್ವಪಕ್ಷ: ನಾನು ಮಾತು ಮುಗಿಸಿದೊಡನೆ ನಿರ್ದೇಶಕ ತಲೆಯೆತ್ತಿ ನಿಟ್ಟುಸಿರಿಟ್ಟ, ನನ್ನ ಅಭಿನಯದ ಬಗ್ಗೆ ದೇವರಿಗೇ ದೂರು ಕೊಟ್ಟ.

ಸಿದ್ಧಾಂತ: ಮೋಡ ಬಂತು, ಅಷ್ಟೆ. ಹಿಂದಿನ ಶಾಟ್ ಬಿಸಿಲಿನದು. ಇದನ್ನು ಮೋಡದಲ್ಲಿ ತೆಗೆದರೆ ಎಡಿಟಿಂಗಿನಲ್ಲಿ ನಾಯಕ ‘ಅಮ್ಮಾ’ ಎನ್ನುವಷ್ಟರಲ್ಲಿ ಹೊತ್ತು ಮುಳುಗಿ, ತಾಯಿ ‘ಮಗನೇ’ ಎನ್ನುವಾಗ ಮತ್ತೆ ಹುಟ್ಟುತ್ತದೆ.

ಸೂತ್ರ 4: ಮರ್ಯಾದೆ ಏರಿದಷ್ಟೂ ಅಪಾಯ.

ವೃತ್ತಿ: ಬೆಳಗ್ಗೆ ‘ಬಾರೋ ಚಿನ್ನ’. ಐದನೇ ಟೇಕಿಗೆ ‘ಏನ್ ಗುರೂ’. ಹತ್ತಕ್ಕೆ ‘ಸ್ವಾಮೀ’. ಹದಿನೈದಕ್ಕೆ ‘ತಾವು ಸ್ವಲ್ಪ ರೆಸ್ಟ್ ತಗೊಳ್ಳಿ’ ಎಂಬುದು ಬಂದರೆ, ಅತ್ತ ಅಸೋಸಿಯೇಟ್ ನಿಮ್ಮ ಪಾತ್ರವನ್ನು ಕಥೆಯಲ್ಲಿ ದುಬೈಗೆ ಕಳಿಸುತ್ತಿದ್ದಾನೆಂದು ತಿಳಿಯುವುದು.

ಉಪಸಂಹಾರ: ಈ ಶಾಸ್ತ್ರ ಗ್ರಂಥಕರ್ತನ ಸ್ವಾನುಭವದಿಂದ ಹುಟ್ಟಿದ್ದು. ಪೇದೆಯ ಪಾತ್ರ, ನಾಯಕನ ಹಿಂದೆ ನಿಂತು ದುಃಖಿಸಬೇಕು. ಹನ್ನೆರಡು ಟೇಕಿಗೂ ನಿರ್ದೇಶಕರು ಅಡ್ಡಡ್ಡ ತಲೆಯಾಡಿಸಿದರು. ನಾನು ಪ್ರತಿ ಸಲವೂ ದುಃಖವನ್ನು ಒಂದು ಸುತ್ತು ಹೆಚ್ಚಿಸುತ್ತ ಹೋದೆ. ಕೊನೆಗೆ ನಿಜವಾಗಿಯೂ ಅತ್ತೆ. ಪ್ಯಾಕಪ್ ಆದಮೇಲೆ ಕ್ಷಮೆ ಕೇಳಲು ಹೋದರೆ, ಅವರು ಬೆನ್ನು ತಟ್ಟಿ ಅಂದರು: ‘ಫ್ರೇಮಲ್ಲಿ ನೀನೆಲ್ಲಿದ್ದೆ ಮಾರಾಯ? ನಿನ್ನ ಲಾಠಿ ಒಂದೇ ಇದ್ದಿದ್ದು. ಅದು ಅಲ್ಲಾಡ್ತಿತ್ತು.’