ಹರಿಯುವ ವಸ್ತು: ಬಳಕೆದಾರರ ಕೈಪಿಡಿ



ಹರಿಯುವ ವಸ್ತುವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಹುಟ್ಟಿದಾಗಿನಿಂದ ಅದರೊಳಗೇ ಮುಳುಗಿರುವ ನಿಮಗೆ ಬೇರೆ ಆಯ್ಕೆ ಇರಲಿಲ್ಲ, ಆದರೂ ಪದ್ಧತಿ ಬಿಡುವಂತಿಲ್ಲ. ಇದು ದ್ರವ, ಅನಿಲ ಎಂಬ ಎರಡು ಮಾದರಿಗಳಲ್ಲಿ ದೊರೆಯುತ್ತದೆ. ಎರಡಕ್ಕೂ ಇದೊಂದೇ ಕೈಪಿಡಿ.

1. ತೆರೆಯುವ ಮುನ್ನ

ಪೊಟ್ಟಣದಲ್ಲಿ ಆಕಾರ ಸೇರಿಲ್ಲ. ಚೊಂಬೋ ಸಿಲಿಂಡರೋ, ಅದನ್ನು ಗ್ರಾಹಕರೇ ಒದಗಿಸಿಕೊಳ್ಳಬೇಕು. ಅನಿಲ ಮಾದರಿಗೆ ಮುಚ್ಚಳ ಕಡ್ಡಾಯ. ದ್ರವ ಮಾದರಿ ಮುಚ್ಚಳವಿಲ್ಲದೆಯೂ ನಿಲ್ಲುತ್ತದೆ; ಪೆಟ್ರೋಲನ್ನು ಮಾತ್ರ ನಂಬಬೇಡಿ. ಎಷ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದರೂ ಎರಡೂ ಪಟ್ಟು ಹಿಡಿಯದೆ ಜಾರಿಕೊಳ್ಳುತ್ತವೆ. ಇದು ದೋಷವಲ್ಲ, ಹರಿಯುವುದೆಂದರೆ ಇದೇ.

2. ಒತ್ತುವ ವಿಧಾನ

ಮುಚ್ಚಿದ ಪಾತ್ರೆಯಲ್ಲಿ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೇಳಿದ ಈ ನಿಯಮಕ್ಕೆ ಮಾದರಿಭೇದವಿಲ್ಲ. ಒತ್ತಡವನ್ನು ಚಕ್ರದವರೆಗೆ ಮುಟ್ಟಿಸಲು ಕಾರಿನಲ್ಲಿ ಬ್ರೇಕ್ ಆಯಿಲ್ ಇದೆ, ದೊಡ್ಡ ಬಸ್ಸಿನಲ್ಲಿ ಗಾಳಿ ಇದೆ. ಎರಡನ್ನೂ ಬೆರೆಸಬೇಡಿ. ಅನಿಲ ಚೆನ್ನಾಗಿ ಕುಗ್ಗುತ್ತದೆ, ದ್ರವ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಆಯಿಲ್ ಲೈನಿನಲ್ಲಿ ಏರ್ ಹಿಡಿದರೆ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಕೂಡಲೇ ಮೆಕ್ಯಾನಿಕ್ ಹತ್ತಿರ ಏರ್ ತೆಗೆಸಿ.

3. ತೂಕ ಮತ್ತು ತೇಲುವಿಕೆ

ಗಾಳಿಗೆ ತೂಕವಿಲ್ಲ ಎಂಬ ದೂರನ್ನು ಸ್ವೀಕರಿಸುವುದಿಲ್ಲ. ಉದ್ದ, ಅಗಲ, ಎತ್ತರ ಎಲ್ಲವೂ ಹತ್ತಡಿಯಿರುವ ಕೋಣೆಯ ಗಾಳಿ 25 ಕೆ.ಜಿ. ಅಕ್ಕಿ ಮೂಟೆಗಿಂತ ಭಾರ. ಒಳಗೆ ಮುಳುಗಿದ ವಸ್ತು ಎಷ್ಟು ತೂಕದ ದ್ರವವನ್ನೋ ಅನಿಲವನ್ನೋ ಪಕ್ಕಕ್ಕೆ ಸರಿಸಿದೆಯೋ ಅಷ್ಟೇ ಬಲದಿಂದ ಅದನ್ನು ಮೇಲೆತ್ತುವುದು ಎರಡೂ ಮಾದರಿಗಳ ಕರ್ತವ್ಯ. 60 ಕೆ.ಜಿ.ಯವರು ತೂಕದ ಯಂತ್ರ ಹತ್ತಿದಾಗ ಗಾಳಿ ಸುಮಾರು 70 ಗ್ರಾಂ ಎತ್ತಿ ಹಿಡಿದಿರುತ್ತದೆ. ಇದನ್ನು ಡಯಟ್ಟಿನ ಫಲವೆಂದು ಮನೆಯಲ್ಲಿ ಹೇಳಿಕೊಳ್ಳಬೇಡಿ.

4. ಬಿಸಿ ಮಾಡುವಾಗ

ಪಾತ್ರೆಯ ನೀರಾಗಲಿ, ಕೋಣೆಯ ಗಾಳಿಯಾಗಲಿ, ತಳದಲ್ಲಿ ಕಾದದ್ದು ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಮಾದರಿಗಳ ನಡುವೆ ಜಗಳವಿರುವುದು ಸ್ನಿಗ್ಧತೆಯ, ಅಂದರೆ ಹರಿವಿಗೆ ಒಳಗಿನಿಂದಲೇ ಬರುವ ತಡೆಯ ವಿಷಯದಲ್ಲಿ. ಹರಳೆಣ್ಣೆ ಕಾಯಿಸಿದರೆ ಅಣುಗಳ ಪರಸ್ಪರ ಹಿಡಿತ ಸಡಿಲಗೊಂಡು ಸಲೀಸಾಗಿ ಹರಿಯುತ್ತದೆ. ಗಾಳಿಯಲ್ಲಿ ಹಿಡಿತವೇ ನೆಪಮಾತ್ರ. ಕಾದಷ್ಟೂ ಅಣುಗಳು ಜೋರಾಗಿ ಓಡಾಡಿ, ಅಕ್ಕಪಕ್ಕದ ಪದರಗಳಿಗೆ ನುಗ್ಗಿ, ಹರಿವನ್ನು ತಡೆಯುತ್ತವೆ.

5. ಖಾತರಿಯ ಷರತ್ತುಗಳು

ಇದು ದ್ರವ, ಇದು ಅನಿಲ ಎಂಬ ಭೇದಕ್ಕೆ ಒಂದು ಮಿತಿಯವರೆಗೆ ಮಾತ್ರ ಖಾತರಿ. ಕಾರ್ಬನ್ ಡೈಆಕ್ಸೈಡಿಗೆ ಆ ಮಿತಿ ಸುಮಾರು 31 ಡಿಗ್ರಿ ಸೆಲ್ಸಿಯಸ್ ಮತ್ತು ವಾಯುಮಂಡಲದ 73 ಪಟ್ಟು ಒತ್ತಡ. ಅದರಾಚೆ ಎರಡರ ನಡುವಿನ ಗೆರೆಯೇ ಅಳಿಸಿಹೋಗುತ್ತದೆಂದು ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ 1869ರಲ್ಲಿ ವಿವರಿಸಿದರು. ನೀರಿಗೆ 374 ಡಿಗ್ರಿ ಬೇಕಾದ್ದರಿಂದ ಅಡುಗೆಮನೆಯವರು ಗಾಬರಿಪಡಬೇಕಿಲ್ಲ. ಆದರೆ ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟಿದಾಗ, ಕಚೇರಿ ಗೋಡೆಗೆ ತೂಗುಹಾಕಿದ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕದ ಒಳಗಿರುವುದು ದ್ರವವೂ ಅಲ್ಲ, ಅನಿಲವೂ ಅಲ್ಲ. "ನೀವು ಕಳಿಸಿದ್ದು ಯಾವ ಮಾದರಿ?" ಎಂಬ ಪ್ರಶ್ನೆಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಉತ್ತರಿಸಲಾಗುವುದಿಲ್ಲ. ಡಿಸೆಂಬರಿನಲ್ಲಿ ವಿಚಾರಿಸಿ.